ಅಂದಾಜಿನ ಗುರುತು

ಕೆಂಪು ಚುಕ್ಕೆಗಳು ಈ ಸಲವೂ ಬರಲಿಲ್ಲ.

ಅವಳು ಪ್ರೋಗ್ರಾಂ ಅನ್ನು ಮತ್ತೆ ಓಡಿಸಿದಳು. ಪರದೆಯ ಮೇಲೆ ನಕ್ಷೆ ಚಾಪೆ ಬಿಚ್ಚಿದ ಹಾಗೆ ಎಡದಿಂದ ಬಲಕ್ಕೆ ಬಿಚ್ಚಿಕೊಂಡಿತು. ಮೊದಲು ಹಗುರ ಧಾತುಗಳ ಸಣ್ಣ ಏರಿಳಿತ, ಆಮೇಲೆ ಉದ್ದನೆಯ ಬಯಲು, ಬಲತುದಿಯಲ್ಲಿ ಒಂದು ಗುಡ್ಡ. ಆ ಗುಡ್ಡ ಅವಳ ಗಂಡನದು. ಎರಡು ಸತ್ತ ನಕ್ಷತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ ಚಿನ್ನ ಹುಟ್ಟುತ್ತದೆ. ಹುಟ್ಟುವ ದಾರಿಯಲ್ಲಿ ಪರಮಾಣುಗಳ ಬೀಜಗಳು ಎಲ್ಲೋ ಒಂದು ಕಡೆ ಏದುಸಿರು ಬಿಡುತ್ತಾ ನಿಲ್ಲಬೇಕು. ಅವು ನಿಲ್ಲುವುದು ಈ ಗುಡ್ಡದ ಬುಡದಲ್ಲಿ ಎಂದು ಅವನು ಲೆಕ್ಕ ಹಾಕಿ ತೋರಿಸಿದ್ದ. ಅದಕ್ಕೆ ಅವನಿಗೆ ಹೆಸರು ಬಂದಿತ್ತು, ಪದಕ ಬಂದಿತ್ತು. "ಚಿನ್ನ ಎಲ್ಲಿ ಹುಟ್ಟತ್ತೆ ಅಂತ ಇವನಿಗೆ ಗೊತ್ತು, ಮನೆಗೆ ಮಾತ್ರ ಒಂದು ಗುಂಜಿ ತಂದಿಲ್ಲ" ಎಂದು ಅವನ ತಾಯಿ ಬಂದವರಿಗೆಲ್ಲ ಹೇಳುತ್ತಿದ್ದರು.

ಇವತ್ತಿನ ಕೆಲಸ ಸುಲಭದ್ದಾಗಿತ್ತು. ದೂರದ ಪ್ರಯೋಗಶಾಲೆಯಿಂದ ಬಂದಿದ್ದ ವಿಜ್ಞಾನಿಯೊಬ್ಬರು ಗುಡ್ಡಕ್ಕೆ ಹತ್ತಿರದ ಐದಾರು ಬೀಜಗಳನ್ನು ಜಗತ್ತಿನಲ್ಲೇ ಮೊದಲ ಸಲ ತೂಗಿ, ಆ ತೂಕಗಳನ್ನು ತಂದುಕೊಟ್ಟಿದ್ದರು. ಬೀಜ ತೂಗುವುದೇ ಆಕೆಯ ಕಸುಬಾದ್ದರಿಂದ ಗಂಡ ಅವರಿಗೆ ತೂಕದಮ್ಮ ಎಂದು ಹೆಸರಿಟ್ಟಿದ್ದ. ಆಕೆಯದು ದೊಡ್ಡ ಶರೀರ. ಆದರೂ ನಕ್ಕು ಒಪ್ಪಿಕೊಂಡಿದ್ದರು. ಆ ಹೊಸ ತೂಕಗಳನ್ನು ನಕ್ಷೆಗೆ ಸೇರಿಸಬೇಕು, ಮೊದಲ ಸಲ ತೂಗಿದವು ಕೆಂಪು ಚುಕ್ಕೆ, ಹಿಂದೆಯೇ ತೂಗಿದವು ಕಪ್ಪು ಚುಕ್ಕೆ. ಅಷ್ಟೇ. ಆದರೆ ಪ್ರೋಗ್ರಾಂ ಪ್ರತಿ ಸಲವೂ ಪರದೆಯ ಕೆಳಮೂಲೆಯಲ್ಲಿ ಅದೇ ಉತ್ತರ ಬರೆಯುತ್ತಿತ್ತು: ಹೊಸತು, ಸೊನ್ನೆ.

ಅಂದರೆ ಇವನ್ನು ಯಾರೋ ಮೊದಲೇ ತೂಗಿದ್ದಾರೆ ಎಂದು ಅದು ತಿಳಿದುಕೊಂಡಿತ್ತು. ಯಾರೂ ತೂಗಿರಲಿಲ್ಲ. ಹಾಗಿದ್ದರೆ ಅದಕ್ಕೆ ಹಾಗೆ ಹೇಳಿಕೊಟ್ಟವರು ಯಾರು?

ಅವಳು ಪ್ರೋಗ್ರಾಮಿನ ತಲೆಭಾಗ ತೆರೆದಳು. ಅಲ್ಲಿಗೆ ಹೋಗಿ ವರ್ಷಗಳಾಗಿದ್ದವು. ಮದುವೆಯಾದ ಹೊಸದರಲ್ಲಿ ಗಂಡ ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾ ಹೇಳುತ್ತಿದ್ದ, ಅವಳು ಕುಳಿತು ಟೈಪು ಮಾಡುತ್ತಿದ್ದಳು. ಮನೆಯ ಮೊದಲ ಪಾತ್ರೆಪಡಗದ ಹಾಗೆ, ಒಮ್ಮೆ ಇಟ್ಟ ಮೇಲೆ ಯಾರೂ ಎತ್ತಿ ನೋಡಿರಲಿಲ್ಲ.

ಜಗತ್ತಿನ ಬೀಜಗಳ ತೂಕಕ್ಕೆಲ್ಲ ಒಂದೇ ದೊಡ್ಡ ಪಟ್ಟಿ ಇದೆ. ಈ ಶಾಸ್ತ್ರದವರೆಲ್ಲ ಅದನ್ನೇ ಬಳಸುವುದು. ಅದರಲ್ಲಿ ನಿಜವಾಗಿ ತೂಗಿದವೂ ಇವೆ, ಯಾರೂ ತೂಗದವೂ ಇವೆ. ತೂಗದವಕ್ಕೆ ಪಟ್ಟಿ ಮಾಡುವ ಹಿರಿಯರು ಅಕ್ಕಪಕ್ಕದವರನ್ನು ನೋಡಿ ಒಂದು ಅಂದಾಜು ಬರೆಯುತ್ತಾರೆ. ಹುಡುಗಿಯ ವಯಸ್ಸು ಗೊತ್ತಿಲ್ಲದಿದ್ದರೆ ಅವಳ ಅಕ್ಕತಂಗಿಯರನ್ನು ನೋಡಿ ಇಷ್ಟಿರಬಹುದು ಅನ್ನುವ ಹಾಗೆ. ಹಾಗೆ ಬರೆದ ಅಂಕಿಯಲ್ಲಿ ದಶಮಾಂಶದ ಚುಕ್ಕಿ ಇರಬೇಕಾದ ಜಾಗದಲ್ಲಿ ಅಡ್ಡಗೆರೆ ಉದ್ದಗೆರೆಗಳ ಒಂದು ಸಣ್ಣ ಜಾಲರಿ ಗುರುತು ಹಾಕುತ್ತಾರೆ. ಇದು ಅಂದಾಜು, ನಂಬಬೇಡಿ ಎಂದು ಅದರ ಅರ್ಥ. ಲೆಕ್ಕ ಕಟ್ಟುವವರು ಜಾಲರಿ ಇದ್ದವನ್ನು ಜರಡಿ ಹಿಡಿದು ಆಚೆ ಇಡಬೇಕು. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಮಾತು.

ಪ್ರೋಗ್ರಾಮಿನಲ್ಲಿ ಜರಡಿ ಇರಲಿಲ್ಲ. ಜಾಲರಿ ಕಂಡಲ್ಲಿ ಅದನ್ನು ಅಳಿಸಿ ಚುಕ್ಕಿ ಇಡು ಎನ್ನುವ ಒಂದು ಸಾಲಿತ್ತು. ಆಚೆ ಇಡು ಎನ್ನುವ ಮುಂದಿನ ಸಾಲು ಇರಲಿಲ್ಲ. ಗುರುತು ಅಳಿಸಿಕೊಂಡ ಅಂದಾಜುಗಳೆಲ್ಲ ತೂಗಿದವುಗಳ ಪಂಕ್ತಿಯಲ್ಲೇ ಕೂತುಬಿಟ್ಟಿದ್ದವು.

ಅವಳು ಆ ಸಾಲನ್ನು ಸೇರಿಸಿ, ಇಡೀ ಲೆಕ್ಕವನ್ನು ಮತ್ತೆ ಕಟ್ಟುವುದಕ್ಕೆ ಬಿಟ್ಟು, ಕೈ ಕಟ್ಟಿ ಕುಳಿತಳು. ಸುಮಾರು ಹೊತ್ತು ಹಿಡಿಯಿತು. ಗೋಡೆಯ ಆಚೆ ಗಂಡನ ಕುರ್ಚಿ ಕಿರುಗುಟ್ಟಿತು. ಗೋಡೆಯೆಂದರೆ ಹಲಗೆಯದು, ಚಾವಣಿಯವರೆಗೆ ಹೋಗದ್ದು. ಅವನು ಫೋನಿನಲ್ಲಿ ಯಾರನ್ನೋ ನಗಿಸುತ್ತಿದ್ದ.

ಪರದೆಯ ಮೇಲೆ ಚಾಪೆ ಬಿಚ್ಚಿಕೊಂಡಿತು. ಏರಿಳಿತ, ಬಯಲು, ಮತ್ತೆ ಬಯಲು. ಬಲತುದಿಯಲ್ಲಿ ಕೆಂಪು ಚುಕ್ಕೆಗಳು ಸಾಲಾಗಿ, ಸಮತಟ್ಟಾಗಿ ಕೂತಿದ್ದವು.

ಗುಡ್ಡ ಇರಲಿಲ್ಲ. ಅದು ನಿಂತಿದ್ದದ್ದು ಆ ಅಂದಾಜುಗಳ ಮೇಲೆ.

ಅವಳು ಮಾಡಿದ ಮೊದಲ ಕೆಲಸವೆಂದರೆ ಪರದೆಯನ್ನು ಆರಿಸಿದ್ದು, ಸ್ನಾನದ ಮನೆಗೆ ಯಾರೋ ನುಗ್ಗಿದಾಗ ಬಟ್ಟೆ ಎಳೆದುಕೊಳ್ಳುವ ಹಾಗೆ. ಗೋಡೆಯಾಚೆ ಫೋನು ಇಟ್ಟ ಸದ್ದು, ಕುರ್ಚಿ ಹಿಂದಕ್ಕೆ ಸರಿದ ಸದ್ದು. ಹೆಜ್ಜೆಗಳು ಬಾಗಿಲಿನವರೆಗೆ ಬಂದು ಮುಂದೆ ಹೋದವು.

ಅವಳಿಗೆ ಗಂಡನ ಭಯ ಎಂದರೆ ಯಾರೂ ನಂಬುತ್ತಿರಲಿಲ್ಲ. ಅವನು ಒಮ್ಮೆಯೂ ಅವಳ ಮೇಲೆ ಕೈ ಎತ್ತಿರಲಿಲ್ಲ, ದನಿಯನ್ನೂ ಎತ್ತಿರಲಿಲ್ಲ. ಒಂದು ಸಭೆಯಲ್ಲಿ, ಅವನು ಹಲಗೆಯ ಮೇಲೆ ಬರೆದ ಸಮೀಕರಣದಲ್ಲಿ ಒಂದು ಚಿಹ್ನೆ ಬಿಟ್ಟುಹೋಗಿದೆ ಎಂದು ಅವಳು ಮೆಲ್ಲಗೆ ಹೇಳಿದ್ದಳು. "ಮನೇಲೂ ತಪ್ಪು ಹುಡುಕ್ತಾಳೆ, ಇಲ್ಲೂ ಬಿಡಲ್ಲ, ನೋಡಿ ನನ್ನ ಪಾಡು" ಎಂದು ಅವನು ಸಭೆಯನ್ನೆಲ್ಲ ನಗಿಸಿದ. ಆಮೇಲೆ ಆ ಬೇಸಿಗೆ ಮುಗಿಯುವವರೆಗೂ ಅವಳ ಜೊತೆ ಮಾತಾಡಲಿಲ್ಲ. ಹೇಳಬೇಕಾದ್ದನ್ನು ಅವಳ ಎದುರೇ ತಾಯಿಗೆ ಹೇಳುತ್ತಿದ್ದ: "ಅಮ್ಮಾ, ದೀಪ ಆರಿಸೋಕೆ ಹೇಳು ಅವಳಿಗೆ." ಮನೆಯಲ್ಲಿ ಅವಳು ಇದ್ದಳು, ಆದರೆ ಆಚೆ ಇಟ್ಟಿದ್ದರು. ವಿಭಾಗದಲ್ಲಿ ಅವನ ಲೆಕ್ಕವನ್ನು ಪ್ರಶ್ನಿಸಿದ ಹುಡುಗನೊಬ್ಬನಿದ್ದ, ದಪ್ಪ ಕನ್ನಡಕದವನು. ಗಂಡ ಅವನ ಹೆಗಲ ಮೇಲೆ ಕೈಯಿಟ್ಟು ಭೇಷ್ ಎಂದಿದ್ದ. ವರ್ಷ ಮುಗಿಯುವ ಮುಂಚೆ ಕನ್ನಡಕದವನ ಕೆಲಸ ಮುಗಿದಿತ್ತು. ಬೀಳ್ಕೊಡುಗೆಯ ದಿನ ಎಲ್ಲರಿಗಿಂತ ಚೆನ್ನಾಗಿ ಮಾತಾಡಿದವನು ಗಂಡನೇ. ಅವಳ ಕೆಲಸವೂ ವರ್ಷದಿಂದ ವರ್ಷಕ್ಕೆ ಮುಂದುವರಿಯುವಂಥದ್ದು. ಮುಂದುವರಿಸುವ ಸಹಿ ಅವನದು.

ಮೇಜಿನ ಫೋನು ಕೂಗಿತು. ಅವಳು ಬೆಚ್ಚಿದಳು. ಕಚೇರಿಯ ಗುಮಾಸ್ತೆ.

"ಮೇಡಂ, ವೆಬ್‌ಸೈಟಿಗೆ ನಿಮ್ಮ ಸಂಶೋಧನಾ ಆಸಕ್ತಿ ಬರ್ಕೊಡಿ ಅಂದಿದ್ನಲ್ಲ, ಎಲ್ರುದೂ ಬಂತು, ನಿಮ್ದೊಂದೇ ಬಾಕಿ."

"ಹೋದ ವರ್ಷದ್ದೇ ಹಾಕ್ಬಿಡಿ."

"ಹೋದ ವರ್ಷದ್ದು ಸಾರ್ ಪ್ಯಾರಾನೇ ಅಲ್ವಾ ಮೇಡಂ? ಈ ಸಲ ಕಂಪ್ಯೂಟರು ತಗೊಳ್ತಿಲ್ಲ. ಒಂದೇ ಥರ ಎರಡು ಇದೆ ಅಂತ ವಾಪಸ್ ಕಳಿಸ್ತಿದೆ." ಗುಮಾಸ್ತೆ ನಕ್ಕಳು. "ಅದಕ್ಕೇನು ಗೊತ್ತು, ಗಂಡ ಹೆಂಡ್ತಿ ಅಂತ!"

"ನಾಳೆ ಕೊಡ್ತೀನಿ," ಎಂದಳು.

ಮಧ್ಯಾಹ್ನದ ಚಹಾದ ಕೋಣೆಯಲ್ಲಿ ಗಂಡ ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದ. ಅವನು ಎಲ್ಲಿ ನಿಂತರೂ ಕೋಣೆ ಅವನ ಕಡೆಗೆ ವಾಲುತ್ತಿತ್ತು. ತೂಕದಮ್ಮ ಮೇಜಿನ ಅಂಚಿಗೆ ಒರಗಿ ಲೋಟ ಹಿಡಿದಿದ್ದರು, ಕಾಲಿಗೆ ಓಡುವ ಬೂಟು, ಬೆರಳ ತುದಿಗಳಲ್ಲಿ ಬೆಸುಗೆಯ ಹಳೆಯ ಸುಟ್ಟ ಕಲೆ.

"ಬಂದ್ಲು ನೋಡಿ ನನ್ನ ಕ್ಯಾಲ್ಕುಲೇಟರು," ಎಂದ ಗಂಡ. "ಬ್ಯಾಟರಿ ಖಾಲಿ ಆದ ಹಾಗಿದೆ ಇವತ್ತು. ಕೆಂಪು ಚುಕ್ಕೆ ಬಂತಾ?"

"ಇನ್ನೂ ಸ್ವಲ್ಪ... ಸಂಜೆಗೆ ಬರತ್ತೆ."

"ಕೆಂಪು ಚುಕ್ಕೆ ಬರ್ಲಿ ಬಿಡ್ಲಿ, ಗುಡ್ಡ ಬಂದಿದ್ಯಲ್ಲ, ಸಾಕು," ಎಂದರು ತೂಕದಮ್ಮ. "ಯಂತ್ರದ ಮೇಲೆ ನಮ್ಮ ಮುಂದಿನ ಸರದೀಲಿ ತುದೀಗೇ ಹತ್ತಿಬಿಡ್ತೀನಿ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಹತ್ರ ಹೋಗಿ ಕಲ್ಲು ಮುಳ್ಳು ನೋಡೇಬಿಡೋಣ."

"ಬೆಟ್ಟ ಅಗೆದು ಇಲಿ ಹಿಡ್ಕೊಂಡು ಬರ್ಬೇಡಿ ಮತ್ತೆ!" ಎಂದ ಗಂಡ.

ಎಲ್ಲರೂ ನಕ್ಕರು. ಅವಳೂ ನಕ್ಕಳು, ನಕ್ಕ ಸದ್ದು ಬೇರೆ ಯಾರದೋ ಅನ್ನಿಸಿತು.

ಲೋಟ ತೊಳೆಯುವ ಬಚ್ಚಲ ಹತ್ತಿರ ತೂಕದಮ್ಮ ಅವಳ ಪಕ್ಕಕ್ಕೆ ಬಂದು ನಲ್ಲಿ ಬಿಟ್ಟರು.

"ನಮ್ಮ ತೂಗೋ ಯಂತ್ರಾನ ನಿಲ್ಲಿಸ್ತಿದ್ದಾರೆ, ಗೊತ್ತಾ? ಈಗ ಬರೋ ಸರದೀನೇ ಕೊನೇದು. ಆಮೇಲೆ ಬಿಚ್ಚಿ ಹೊಸದು ಕಟ್ತಾರಂತೆ, ಅದು ಏಳೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ." ಅವರು ಲೋಟವನ್ನು ಮತ್ತೆ ಮತ್ತೆ ತೊಳೆಯುತ್ತಿದ್ದರು. "ಮೂರು ಮಕ್ಕಳು ನನ್ನ ನಂಬ್ಕೊಂಡಿದ್ದಾರೆ. ಅವರ ಪಿಎಚ್‌ಡಿ ಎಲ್ಲಾ ಈ ಸರದಿ ಮೇಲೇ ನಿಂತಿದೆ. ಒಬ್ಬಳಂತೂ ಮೊನ್ನೆ ಬಾಣಂತನ ಮುಗಿಸ್ಕೊಂಡು ಬಂದ್ಲು. ಬೇರೆ ಕಡೆ ತೂಗೋಕೆ ಸುಲಭದ್ದು ಒಂದಿತ್ತು, ಖಂಡಿತ ಸಿಗೋ ಅಂಥದ್ದು. ನಿಮ್ಮ ನಕ್ಷೆ ನೋಡಿ ಅದನ್ನ ಬಿಟ್ಟೆ. ನಾಡಿದ್ದು ಅರ್ಜಿ ಕೊಟ್ಬಿಡ್ತೀನಿ, ನಿಮ್ಮ ನಕ್ಷೆ ಜೊತೆಗಿಟ್ಟು. ಕೊಟ್ಟ ಮೇಲೆ ಬದಲಾಯಿಸೋ ಹಾಗಿಲ್ಲ."

ಅವಳು ಒರೆಸುವ ಬಟ್ಟೆ ಹುಡುಕುತ್ತಿದ್ದವಳು ಹಾಗೇ ನಿಂತಳು.

"ನಕ್ಷೆ ಗಟ್ಟಿ ಅಲ್ವಾ?" ತೂಕದಮ್ಮ ಕೇಳಿದರು. ಕೇಳಿದ್ದು ತಮಾಷೆಗಲ್ಲ.

ಕೋಣೆಯ ಆ ಕಡೆಯಿಂದ ಗಂಡನ ನಗು ನಿಂತಿತ್ತು. ಅವನು ಕೇಳಿಸಿಕೊಳ್ಳುತ್ತಿದ್ದಾನೋ, ಅಥವಾ ಸುಮ್ಮನೆ ಚಹಾ ಕುಡಿಯುತ್ತಿದ್ದಾನೋ. ಅವಳು ತಿರುಗಿ ನೋಡಲಿಲ್ಲ. ಬೆನ್ನಿಗೇ ಕಣ್ಣು ಬಂದಿತ್ತು.

"ಹ್ಞೂಂ," ಎಂದಳು.

"ಅಷ್ಟು ಸಾಕು. ಅವರು ಹೇಳೋದಕ್ಕಿಂತ ನೀವು ಹ್ಞೂಂ ಅಂದ್ರೆ ನಂಗೆ ಧೈರ್ಯ." ತೂಕದಮ್ಮ ಕೈ ಕೊಡವಿದರು. "ಅದಿರ್ಲಿ, ನಿಮ್ಮ ಆಸಕ್ತಿ ಏನು?"

"ನಮ್ದು ಭಾರದ ಬೀಜಗಳ ರಚನೆ, ನಕ್ಷತ್ರಗಳ ಡಿಕ್ಕಿ, ಧಾತುಗಳು ಹುಟ್ಟೋ..."

"ನಿಮ್ದು ಅಂದ್ರೆ, ನಿಮ್ದು. ನಿಮ್ಮಿಬ್ಬರ ಪುಟಾನೂ ಓದಿದೀನಿ ಕಣ್ರೀ, ಒಂದೇ ಪ್ಯಾರಾ, ಅಲ್ಪವಿರಾಮ ಕೂಡ ಅಲ್ಲಲ್ಲೇ ಇದೆ. ಮದುವೆಗೆ ಮುಂಚೆ ಏನು ಮಾಡ್ತಿದ್ರಿ?"

ಅವಳು ಬಾಯಿ ತೆರೆದಳು. ಗೊತ್ತಿರುವ ಮನೆಯಲ್ಲಿ ಕತ್ತಲಲ್ಲಿ ದೀಪದ ಗುಂಡಿ ತಡಕಿ, ಅದು ಇದ್ದ ಜಾಗದಲ್ಲಿ ಬರೀ ಗೋಡೆ ಸಿಕ್ಕ ಹಾಗಾಯಿತು. ತೂಕದಮ್ಮ ಸ್ವಲ್ಪ ಕಾದು, ಅವಳ ಮೊಣಕೈಯನ್ನು ಒದ್ದೆ ಕೈಯಲ್ಲೇ ಮುಟ್ಟಿ ಹೋದರು.

ಸಂಜೆ ಮನೆಗೆ ಹೊರಟಾಗ ಕಾರು ಓಡಿಸಿದವಳು ಅವಳು. ಗಂಡ ಪಕ್ಕದಲ್ಲಿ ಸೀಟು ಹಿಂದಕ್ಕೆ ವಾಲಿಸಿ, ಕಾಲು ಚಾಚಿ ಕುಳಿತಿದ್ದ. ಇಡೀ ದಿನ ಅವಳು ಒಂದು ಆಸೆಯನ್ನು ಕಾಪಾಡಿಕೊಂಡು ಬಂದಿದ್ದಳು. ಅವನಿಗೆ ಇದು ಗೊತ್ತಿಲ್ಲದಿರಬಹುದು. ನಡೆಯುತ್ತಾ ಹೇಳುವವನು ಒಂದು ಸಾಲು ಬಿಟ್ಟಿರಬಹುದು. ಬರೆಯುವವಳ ಕಣ್ಣೂ ತಪ್ಪಿರಬಹುದು. ಹಾಗಿದ್ದರೆ ಇಬ್ಬರೂ ಸೇರಿ ತಿದ್ದಬಹುದು. ದೊಡ್ಡವರೂ ತಪ್ಪಿದ್ದಾರೆ, ತಿದ್ದಿಕೊಂಡಿದ್ದಾರೆ. ಈ ಶಾಸ್ತ್ರದಲ್ಲಿ ಅದು ಅವಮಾನವಲ್ಲ. ಕೆಂಪು ದೀಪಕ್ಕೆ ಕಾರು ನಿಂತಾಗ ಅವಳು ರಸ್ತೆಯನ್ನೇ ನೋಡುತ್ತಾ, ಆದಷ್ಟು ಹಗುರವಾಗಿ ಕೇಳಿದಳು.

"ಅಲ್ಲ, ಪಟ್ಟಿ ಓದುವಾಗ, ಆ ಅಂದಾಜಿನ ಗುರುತು ಇರೋವನ್ನ ನಾವು ಆಚೆ ಇಡ್ತೀವಿ ಅಲ್ವಾ?"

ಅವನು ಉಂಗುರದಿಂದ ಕಿಟಕಿಯ ಗಾಜನ್ನು ಒಮ್ಮೆ ತಟ್ಟಿದ. ಟಕ್.

"ಯಾರು ಕೇಳಿದ್ದು?"

"ಯಾರೂ ಇಲ್ಲ. ನಾನೇ."

"ತೂಕದಮ್ಮ ಕೇಳಿದ್ಲಾ?"

"ಇಲ್ಲಪ್ಪ, ನಾನೇ ಸುಮ್ನೆ..."

ಟಕ್.

"ಗುಡ್ಡಕ್ಕೆ ಏನೂ ಆಗಲ್ಲ. ನೀನು ಹೆದರ್ಬೇಡ," ಎಂದ.

ಹಸಿರು ದೀಪ ಬಂದಿತ್ತು. ಹಿಂದಿನ ಗಾಡಿಯವನು ಹಾರ್ನ್ ಹೊಡೆದ ಮೇಲೆ ಅವಳಿಗೆ ಕಂಡಿದ್ದು. ಗುರುತಿನ ಮಾತು ಕೇಳಿದ್ದಳು ಹೊರತು ಅವಳು ಗುಡ್ಡದ ಹೆಸರೆತ್ತಿರಲಿಲ್ಲ. ಆ ಗುರುತನ್ನು ಮುಟ್ಟಿದರೆ ಗುಡ್ಡಕ್ಕೆ ಏನಾದರೂ ಆಗುತ್ತದೆ ಎಂದು ಗೊತ್ತಿರುವುದು, ಅದನ್ನು ಮುಟ್ಟಿ ನೋಡಿದವರಿಗೆ ಮಾತ್ರ.

ಅವಳು ಕ್ಲಚ್ಚನ್ನು ತಟಕ್ಕನೆ ಬಿಟ್ಟಳು. ಕಾರು ಮುಗ್ಗರಿಸಿ ನಿಂತು, ಮತ್ತೆ ಹೊರಟಿತು.

"ಮೆಲ್ಲಗೆ, ಮೆಲ್ಲಗೆ," ಎಂದು ಅವನು ನಕ್ಕ. ಕೈ ನೀಡಿ ಅವಳ ಕತ್ತಿನ ಹಿಂಭಾಗದ ಮೇಲೆ ಇಟ್ಟ. ಬೆಚ್ಚಗಿನ, ಭಾರವಾದ ಕೈ. "ಅಷ್ಟಕ್ಕೂ ಟೈಪು ಮಾಡಿದ್ದು ನೀನು. ಒಂದೊಂದು ಸಾಲಿನ ಪಕ್ಕದಲ್ಲೂ ನಿನ್ನ ಹೆಸರಿದೆ. ಏನಾದ್ರೂ ಹೆಚ್ಚುಕಮ್ಮಿ ಅಂದ್ರೆ ಜನ ನನ್ನ ಕೇಳ್ತಾರಾ?" ಮತ್ತೆ ನಕ್ಕ. "ತಮಾಷೆ ಕಣೇ. ಮುಖ ನೋಡು ಹೇಗಾಗಿದೆ."

ಅವಳು ನಗುವ ಪ್ರಯತ್ನ ಮಾಡಿದಳು. ಕೈ ಕತ್ತಿನ ಮೇಲೇ ಇತ್ತು.

"ನಿನ್ನ ಕೆಲಸ ಮುಂದುವರಿಸೋ ಕಾಗದ ನನ್ನ ಮೇಜಿನ ಮೇಲಿದೆ. ನಾಳೆ ಸಹಿ ಹಾಕ್ಬಿಡ್ತೀನಿ. ಬೆಳಿಗ್ಗೆ ತೂಕದಮ್ಮನ್ನ ಸ್ಟೇಷನ್ನಿಗೆ ನೀನೇ ಬಿಟ್ಟು ಬಾ. ನಕ್ಷೇನೂ ಅವಳ ಕೈಗೇ ಕೊಟ್ಬಿಡು. ಹಳೇದು ಕಣೇ, ಎಲ್ಲರೂ ನೋಡಿರೋದು. ಕೆಂಪು ಚುಕ್ಕೇನ ಕೈಯಲ್ಲೇ ಇಟ್ಬಿಡು, ಪ್ರೋಗ್ರಾಂ ಮುಟ್ಟೋಕೆ ಹೋಗ್ಬೇಡ."

"ಸರಿ," ಎಂದಳು.

ಮನೆಗೆ ಬರುವವರೆಗೂ ಅವನು ಶಿಳ್ಳೆ ಹಾಕುತ್ತಿದ್ದ.

ಅತ್ತೆ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಬೀನ್ಸ್ ನಾರು ತೆಗೆಯುತ್ತಿದ್ದರು. ಎಂಬತ್ತು ದಾಟಿದರೂ ಕಿವಿ ಚುರುಕು. ಕಾರಿನ ಬಾಗಿಲು ಹಾಕುವ ಸದ್ದಿನಲ್ಲೇ ಮಗನ ಮನಸ್ಸು ಹೇಗಿದೆಯೆಂದು ಅವರು ಹೇಳಬಲ್ಲರು. ಸೊಸೆಗೂ ಆ ವಿದ್ಯೆ ಬಂದಿತ್ತು. ಅದರ ಬಗ್ಗೆ ಇಬ್ಬರೂ ಒಮ್ಮೆಯೂ ಮಾತಾಡಿರಲಿಲ್ಲ.

"ಶಿಳ್ಳೆ ಹಾಕ್ತಿದಾನೆ," ಎಂದರು ಅತ್ತೆ, ಬೀನ್ಸ್‌ನಿಂದ ಕಣ್ಣೆತ್ತದೆ.

"ಹೌದತ್ತೆ."

"ಅವರಪ್ಪನೂ ಹಾಕೋರು. ಶಿಳ್ಳೆ ಹಾಕಿದ ದಿನ ನಾನು ಮೂಲೆ ಹಿಡೀತಿದ್ದೆ."

ಅವಳು ಚಾಕು ತೆಗೆದುಕೊಂಡು ಎದುರಿಗೆ ಕುಳಿತಳು. ಪಡಸಾಲೆಯಲ್ಲಿ ಗಂಡ ತೂಕದಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ಗಟ್ಟಿ ದನಿ, ಎಲ್ಲರಿಗೂ ಕೇಳಿಸಲಿ ಎನ್ನುವಂಥದ್ದು. ನಕ್ಷೆ ನಾಳೆ ಕೈಗೆ ಬರತ್ತೆ, ನನ್ನ ಹೆಂಡತಿ ತಂದುಕೊಡ್ತಾಳೆ, ಅವಳ ಕೈಲಿ ತಪ್ಪಾಗೋದೇ ಇಲ್ಲ.

"ಕೈ ನೋಡ್ಕೊಂಡು ಹೆಚ್ಚು," ಎಂದರು ಅತ್ತೆ. "ಏನಾಗಿದೆ ಇವತ್ತು?"

"ಏನಿಲ್ಲ."

"ಏನಿಲ್ಲ ಅಂತ ನಾನೂ ಬೇಕಾದಷ್ಟು ಹೇಳಿದೀನಿ ಕಣಮ್ಮ, ಆ ಮಾತು ನಂಗೆ ಹೇಳ್ಬೇಡ."

ಅವಳ ಕಣ್ಣು ತುಂಬಿತು. ಹೇಳಿಬಿಡಬೇಕು ಅನ್ನಿಸಿತು. ಆದರೆ ಹೇಗೆ ಹೇಳುವುದು? ಬೀಜ, ತೂಕ, ಜಾಲರಿ. ಅವಳು ಬೇರೆ ದಾರಿ ಹಿಡಿದಳು.

"ಅತ್ತೆ, ಒಬ್ರು ಏನೋ ಕೇಳ್ತಾರೆ ಅಂತಿಟ್ಕೊಳ್ಳಿ, ಸುಮ್ನೆ. ಅದಕ್ಕೆ ಇನ್ನೊಬ್ರು, ಕೇಳದೇ ಇರೋದಕ್ಕೆ ಉತ್ತರ ಕೊಟ್ರೆ?"

ಅತ್ತೆ ಒಂದು ಬೀನ್ಸ್ ಮುರಿದರು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನು." ಪಡಸಾಲೆಯ ಕಡೆಗೆ ಕಿವಿ ವಾಲಿಸಿ, ದನಿ ಇಳಿಸಿದರು. "ಚಿಕ್ಕೋನಿದ್ದಾಗಿಂದ ಹಂಗೇ ಅವನು. ಮಡಕೆ ಒಡೆದ್ರೆ, ನಾನು ಕೇಳೋಕೆ ಮುಂಚೇನೇ ಓಡಿ ಬಂದು, ನಾನಲ್ಲಮ್ಮ, ಬೆಕ್ಕು ಅನ್ನೋನು. ಬೆಕ್ಕಿನ ಮಾತು ಯಾರು ಎತ್ತಿದ್ರು ಹೇಳು! ನಂಗೆ ನಗು ಬರೋದು. ಅವರಪ್ಪನಿಗೆ ಹೇಳ್ತಿರ್ಲಿಲ್ಲ. ಹೇಳಿದ್ರೆ ಮಗು ಚರ್ಮ ಸುಲೀತಿದ್ರು. ಒಡೆದಿದ್ದು ನಾನೇ ಅಂತ ಒಪ್ಕೊಳ್ತಿದ್ದೆ."

"ಯಾವಾಗ್ಲೂ?"

"ಯಾವಾಗ್ಲೂ." ಅತ್ತೆಯ ಬೆರಳುಗಳು ನಿಂತವು. "ಅವನಿಗೆ ಅದೇ ಅಭ್ಯಾಸ ಆಯ್ತು. ಮನೇಲಿ ಏನೇ ಒಡೀಲಿ, ಒಡೆದೋಳು ಅಂತ ಒಬ್ಬಳಿರ್ತಾಳೆ ಅಂತ."

ಅತ್ತೆ ನಾರಿನ ರಾಶಿಯನ್ನು ಮಡಿಲಿನಿಂದ ಕಾಗದದ ಮೇಲೆ ಕೊಡವಿದರು. "ಒಲೆ ಹಚ್ಚು, ಹೊತ್ತಾಯ್ತು," ಎಂದರು.

ಊಟಕ್ಕೆ ಮುಂಚೆ ಅವಳು ಇಸ್ತ್ರಿಗೆ ನಿಂತಳು. ಗಂಡನ ನಾಳೆಯ ಅಂಗಿ, ತನ್ನ ನಾಳೆಯ ಸೀರೆ. ಭಯ ಕಡಿಮೆಯಾಗಿರಲಿಲ್ಲ. ಹೆಚ್ಚೇ ಆಗಿತ್ತು. ನಕ್ಷೆ ಕೊಟ್ಟರೆ ಏನಾಗುತ್ತದೆ ಎಂದು ನೋಡಿದಳು. ಏನೂ ಆಗುವುದಿಲ್ಲ. ಕಾಗದಕ್ಕೆ ಸಹಿ ಬೀಳುತ್ತದೆ. ತೂಕದಮ್ಮ ಹೋಗುತ್ತಾರೆ, ಮೂರು ಮಕ್ಕಳನ್ನು ಕಟ್ಟಿಕೊಂಡು ಇಲ್ಲದ ಗುಡ್ಡ ಹತ್ತುತ್ತಾರೆ, ಸರದಿ ಮುಗಿಯುತ್ತದೆ, ಯಂತ್ರ ಬಿಚ್ಚುತ್ತಾರೆ. ಗುಡ್ಡ ಸಿಗಲಿಲ್ಲ ಎಂದು ಆಗ ತಿಳಿಯುತ್ತದೆ. ಆಗಲೂ ಯಾರೋ ಪ್ರೋಗ್ರಾಮಿನ ತಲೆಭಾಗ ತೆರೆಯುತ್ತಾರೆ, ಸಾಲಿನ ಪಕ್ಕದ ಹೆಸರು ಓದುತ್ತಾರೆ. ಗಂಡ ಬೇಸರದಿಂದ ತಲೆ ಆಡಿಸುತ್ತಾನೆ, ಚೆನ್ನಾಗಿ ಮಾತಾಡುತ್ತಾನೆ.

ಕೊಡದಿದ್ದರೆ ಏನಾಗುತ್ತದೆ? ಅಲ್ಲಿ ಅವಳ ಯೋಚನೆ ನಿಂತುಬಿಡುತ್ತಿತ್ತು. ಆ ಬೇಸಿಗೆ ನೆನಪಾಗುತ್ತಿತ್ತು. ದೀಪ ಆರಿಸೋಕೆ ಹೇಳು ಅವಳಿಗೆ. ಆ ಬೇಸಿಗೆ ಒಂದು ಚಿಹ್ನೆಗೆ. ಒಂದು ಗುಡ್ಡಕ್ಕೆ ಎಷ್ಟು? ಅಳೆಯಲು ಸೂತ್ರವಿರಲಿಲ್ಲ, ಅಕ್ಕಪಕ್ಕ ನೋಡಿ ಬರೆಯಲು ಅಂದಾಜೂ ಇರಲಿಲ್ಲ. ಐವತ್ತರ ಹತ್ತಿರದ ಹೆಂಗಸು, ಕೆಲಸ ಕಳೆದುಕೊಂಡರೆ ಯಾರು ಕರೆದು ಕೊಡುತ್ತಾರೆ? ಅವನು ಮಾತಾಡದ ಮನೆಯಲ್ಲಿ ಹಗಲು ಹೇಗೆ ಕಳೆಯುತ್ತದೆ? ಗೊತ್ತಿಲ್ಲ.

ಗೊತ್ತಿಲ್ಲ ಎಂದುಕೊಂಡಾಗ, ಯಾಕೋ, ಬೇರೊಂದು ಕೋಣೆ ಕಣ್ಣಿಗೆ ಬಂತು. ಮದುವೆಗೆ ಮುಂಚಿನದು, ಕಿಟಕಿಯಿಲ್ಲದ್ದು, ನಾಲ್ವರು ವಿದ್ಯಾರ್ಥಿಗಳಿಗೆ ಎರಡು ಮೇಜು. ಅಲ್ಲಿ ಕುಳಿತು ಅವಳು ಏನು ಮಾಡುತ್ತಿದ್ದಳು? ಉಳಿದವರೆಲ್ಲ ಅಂಕಿಗಳ ಹಿಂದೆ ಬಿದ್ದಿದ್ದಾಗ ಅವಳಿಗೆ ಅಂಕಿಯ ಪಕ್ಕದ ಸಣ್ಣ ಅಂಕಿ ಇಷ್ಟವಾಗುತ್ತಿತ್ತು, ಹೆಚ್ಚುಕಮ್ಮಿ ಇಷ್ಟು ಎನ್ನುವುದು. ನಕ್ಷತ್ರದ ಒಳಗಿನ ವಿಷಯ ನಮಗೆ ಎಷ್ಟು ಗೊತ್ತಿಲ್ಲ, ಆ ಗೊತ್ತಿಲ್ಲದ್ದು ಚಿನ್ನದ ಲೆಕ್ಕದಲ್ಲಿ ಎಷ್ಟು ದೂರ ಹರಡುತ್ತದೆ. ಅದನ್ನೇ ಹಗಲಿಡೀ ಹಿಂಬಾಲಿಸುತ್ತಿದ್ದಳು. ಗೆಳತಿಯರು ಅವಳನ್ನು "ಸಂಶಯದ ಅಕ್ಕ" ಎಂದು ಕರೆಯುತ್ತಿದ್ದರು. ಅವಳು ಸಿಟ್ಟಾಗುತ್ತಿರಲಿಲ್ಲ. ಆ ಹೆಸರು ಅವಳಿಗೆ ಹಿಡಿಸಿತ್ತು.

ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೆ ನಿಂತಿತ್ತು. ಸುಟ್ಟ ವಾಸನೆ ಬರುವ ಮುಂಚೆ ಎತ್ತಿದಳು.

ಗಂಡ ಬಾಗಿಲಲ್ಲಿ ಬಂದು ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ನಕ್ಷೆ ರೆಡಿಯಾ?"

ಲ್ಯಾಪ್‌ಟಾಪು ಅವಳ ಚೀಲದಲ್ಲಿತ್ತು, ಅದರೊಳಗೆ ಎರಡು ನಕ್ಷೆಗಳಿದ್ದವು, ಒಂದು ಏರಿದ್ದು, ಒಂದು ಸಮತಟ್ಟಾದದ್ದು.

"ರೆಡಿ," ಎಂದಳು.

ಅವನು ಅವಳ ಮುಖವನ್ನು ನೋಡಿದ. ಅವಳು ಅಂಗಿಯ ಕಾಲರನ್ನು ತಿರುಗಿಸಿ, ಒಳಬದಿಗೆ ಇಸ್ತ್ರಿ ಹಾಕಿದಳು. ಅವನು ಉಂಗುರದಿಂದ ಬಾಗಿಲ ಚೌಕಟ್ಟನ್ನು ಒಮ್ಮೆ ತಟ್ಟಿ, ಒಳಗೆ ಹೋದ.

ಅತ್ತೆ ಅಡುಗೆಮನೆಯಿಂದ ಕೇಳಿದರು, "ನಾಳೆ ಬೇಗ ಏಳ್ಬೇಕಾ?"

"ಸ್ಟೇಷನ್ನಿಗೆ ಹೋಗ್ಬೇಕತ್ತೆ."

"ರೈಲು ಎಷ್ಟೊತ್ತಿಗೋ?"

"ಸ್ವಲ್ಪ ಮುಂಚೇನೇ ಹೋಗ್ತೀನಿ," ಎಂದಳು ಅವಳು. "ದಾರೀಲಿ ಜನ ಇರ್ತಾರೆ."

ಆ ಹೊತ್ತಿಗೆ ಆ ದಾರಿಯಲ್ಲಿ ಜನ ಇರುವುದಿಲ್ಲ. ಸ್ಟೇಷನ್ನಿನ ಹಿಂಬದಿ, ಸರಕು ಇಳಿಸುವ ಕಡೆ, ಕಾರು ನಿಲ್ಲಿಸಬಹುದಾದ ಒಂದು ಗೋಡೆಯ ಮರೆ ಇತ್ತು. ಅಲ್ಲಿ ಎಂಜಿನ್ ಆರಿಸಿ, ಚೀಲ ತೆರೆಯಬೇಕು. ಆಮೇಲೆ ತೂಕದಮ್ಮನಿಗೆ ಹೇಳಬೇಕಾದ ಮೊದಲ ವಾಕ್ಯವನ್ನು ಅವಳು ಮನಸ್ಸಿನಲ್ಲಿ ಒಮ್ಮೆ ಹೇಳಿ ನೋಡಿದಳು: ನೀವು ನನ್ನ ಆಸಕ್ತಿ ಏನು ಅಂತ ಕೇಳಿದ್ರಲ್ಲ. ದನಿ ನಡುಗಬಹುದು. ನಡುಗ್ಲಿ ಅಂದುಕೊಂಡಳು. ಎರಡನೆಯ ವಾಕ್ಯವನ್ನು ಸಮತಟ್ಟಾದ ನಕ್ಷೆಯೇ ಹೇಳುತ್ತದೆ.

ಅವಳು ಅಂಗಿಯನ್ನು ಹ್ಯಾಂಗರಿಗೆ ಹಾಕಿ, ಗುಂಡಿ ಹಾಕಿ, ಗಂಡನ ಕಪಾಟಿನಲ್ಲಿ ತೂಗುಬಿಟ್ಟಳು. ಕಾರಿನ ಕೀಲಿಯನ್ನು ಅವನ ಬಟ್ಟಲಿನಿಂದ ತೆಗೆದು ತನ್ನ ಚೀಲದ ಒಳಜೇಬಿಗೆ ಹಾಕಿಕೊಂಡಳು. ಆಮೇಲೆ ತಟ್ಟೆಗಳನ್ನು ಇಡಲು ಹೋದಳು.